ಉಪ್ಪಿನ ಮೇಲೆ ಮಾರ್ಚಿನ ಮಳೆ

ಆಗರದ ಮನೆ,
ಮಾರ್ಚ್ ಇಪ್ಪತ್ತಾರು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಸೊಂಟದ ನೋವು ಹೇಗಿದೆ? ಕನ್ನಡಕದ ಗಾಜು ಉಜ್ಜುವ ಚಕ್ರದ ಮುಂದೆ ದಿನವಿಡೀ ಬಗ್ಗಿ ಕೂತರೆ ಸೊಂಟ ಹಿಡಿಯದೆ ಇನ್ನೇನು ಮಾಡೀತು. ಎತ್ತರದ ಸ್ಟೂಲು ಮಾಡಿಸಿಕೋ ಎಂದು ಹೋದ ಸಲವೇ ಬರೆದಿದ್ದೆ. ಮಾಡಿಸಿಕೊಂಡಿರಲಾರೆ, ನನಗೆ ಗೊತ್ತು. ನಿನ್ನವಳಿಗೆ ಆ ಒಣಕೆಮ್ಮು ಬಿಟ್ಟಿತೇ? ನಿನ್ನ ಮಗಳಿಗೆ, ನನ್ನ ಸೊಸೆಗೆ, ಹೊಸ ಕೆಲಸ ಹಿಡಿಸಿತೇ? ಅವಳ ಫೋಟೋ ನೋಡಿ ನಿನ್ನ ಭಾವ, “ಪಾಪ, ಮೂಗು ಮಾತ್ರ ನಿಮ್ಮನೇದೇ ಬಂದ್ಬಿಟ್ಟಿದೆ” ಅಂದರು. ಆ ದಿನ ಅವರ ಊಟಕ್ಕೆ ಉಪ್ಪು ಹಾಕಲಿಲ್ಲ. ಉಪ್ಪಿನ ಆಗರದ ಅಳಿಯ ಸಪ್ಪೆ ಉಂಡು ಎದ್ದರು. ನಾವೆಲ್ಲ ಕ್ಷೇಮ. ನನ್ನ ಮಂಡಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಬಾಗಿಲಿಗಾದರೆ ನಾಲ್ಕು ಹನಿ ಎಣ್ಣೆ ಬಿಟ್ಟು ಸುಮ್ಮನಾಗಬಹುದಿತ್ತು.

ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದ ಹಿಡಿದು ಕೂತಿದ್ದೇಕೆ ಎನ್ನುತ್ತೀಯೇನೋ. ಅಪ್ಪನ ಸುದ್ದಿ ಎತ್ತಿದ ಕೂಡಲೇ ನಿನ್ನ ಊರಿನಲ್ಲಿ ಸಿಗ್ನಲ್ ಹೋಗುತ್ತದೆ. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ, ಬೇರೆ ಯಾವ ಸುದ್ದಿಗೂ ಹೋಗುವುದಿಲ್ಲ. ಕಾಗದವನ್ನಾದರೆ ಸಿಟ್ಟಿನಲ್ಲಿ ಅರ್ಧಕ್ಕೆ ಮಡಿಸಿಟ್ಟರೂ ಯಾವಾಗಲೋ ಒಮ್ಮೆ ಬಿಚ್ಚುತ್ತೀಯ. ಈ ಸಲ ಬರೆಯಬೇಕಾದದ್ದು ಅಪ್ಪನ ವಿಷಯವೇ. ಆದರೆ ಅದಕ್ಕೆ ಮೊದಲು ಇಲ್ಲಿಯ ಗಾಳಿ ಮಳೆಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ನಿನ್ನ ತಲೆಗೆ ಹೋಗುವುದಿಲ್ಲ.

ನೀನು ಹೊರಟುಹೋಗಿ ಮೂವತ್ತೆಂಟು ವರ್ಷವಾಯಿತು. ಅಮ್ಮ ತೀರಿಕೊಂಡಾಗ ಬಂದವನು ಅಂಗಳದಲ್ಲಿ ನಿಂತು, ಅಪ್ಪನ ಮುಖ ನೋಡದೆ, ಸಂಜೆಯ ಬಸ್ಸಿಗೆ ಹೋದೆ. ಸುತ್ತಲೂ ಏನಾಗಿದೆ ಎಂದು ನೋಡಲು ನಿನಗೆ ಪುರುಸೊತ್ತಿರಲಿಲ್ಲ. ಹಾಗಾಗಿ ನಿನ್ನ ಕಣ್ಣಿನಲ್ಲಿ ಆ ಹಳೆಯ ಆಗರವೇ ಇರಬೇಕು: ಚೌಕ ಚೌಕವಾದ ಪಾತಿಗಳು, ಪಾತಿಯಲ್ಲಿ ಬಿಸಿಲಿಗೆ ಇಂಗುತ್ತಿರುವ ಕಡಲ ನೀರು, ಬದುವಿನ ಮೇಲೆ ಸಾಲಾಗಿ ಉಪ್ಪಿನ ಗುಪ್ಪೆಗಳು. ಆಗ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಕಡಲಗಾಳಿ ಏಳುತ್ತಿತ್ತು. ಅಮ್ಮ ಗಡಿಯಾರ ನೋಡುತ್ತಲೇ ಇರಲಿಲ್ಲ, ಗಾಳಿ ಎದ್ದರೆ ಒಲೆ ಹಚ್ಚುತ್ತಿದ್ದಳು. ಈಗ ಅದು ಒಂದು ಗಂಟೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದೊಂದು ಸಲ ಮೂರು ದಿನ ನೆಲದ ಕಡೆಯಿಂದಲೇ ಬೀಸುತ್ತದೆ, ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ. ಜನವರಿಯ ಮಂಜಿನಲ್ಲಿ ಬದುವಿನ ಮೇಲೆ ಎದುರಾದವರನ್ನು ಕೆಮ್ಮಿನಿಂದಲೇ ಗುರುತು ಹಿಡಿಯುತ್ತಿದ್ದೆವು. ಹದಿನೈದು ದಿನವಾದರೂ ಇರುತ್ತಿತ್ತು ಆ ಮಂಜು. ಈ ವರ್ಷ ಒಂದೇ ಬೆಳಗ್ಗೆ ಬಂತು, ಎಂಟು ಗಂಟೆಗೆಲ್ಲ ಹೋಯಿತು. ಬಿಸಿಲಿನಲ್ಲಿ ಹತ್ತರ ಮೇಲೆ ಪಾತಿಯಲ್ಲಿ ನಿಲ್ಲಲಾಗುವುದಿಲ್ಲ. ಹೋದ ವರ್ಷ ಇಬ್ಬರು ಹೆಂಗಸರು ಉಪ್ಪು ಎಳೆಯುವ ಹಲಗೆ ಹಿಡಿದುಕೊಂಡೇ ಕುಸಿದರು. ಈಗ ಬೆಳಗ್ಗೆ ಐದಕ್ಕೆ ಇಳಿದು ಹತ್ತಕ್ಕೆ ಏಳುತ್ತೇವೆ. ಉಬ್ಬರದ ನೀರೂ ಮೊದಲಿನ ಹಾಗಿಲ್ಲ. ಕಾಲುವೆಯ ಮೆಟ್ಟಿಲಲ್ಲಿ ಮೂರನೆಯದರ ಮೇಲೆ ಕೂತು ನಾವಿಬ್ಬರೂ ಕಾಲು ಇಳಿಬಿಡುತ್ತಿದ್ದೆವಲ್ಲ, ಅದನ್ನು ನಾನು ಕಂಡೇ ಆರು ವರ್ಷವಾಯಿತು. ಕೆಳಗಿನ ಸಾಲಿನ ಎಂಟು ಪಾತಿಗಳನ್ನು ಕಡಲಿಗೇ ಬಿಟ್ಟುಬಿಟ್ಟೆವು. ಎಷ್ಟು ಸಲ ಬದು ಕಟ್ಟುವುದು?

ಇದೆಲ್ಲ ಒಂದು ದಿನ ಬೆಳಗ್ಗೆ ಎದ್ದಾಗ ಗೊತ್ತಾಗುವ ಸಂಗತಿಯಲ್ಲ. ಮಕ್ಕಳು ಬೆಳೆಯುವ ಹಾಗೆ. ದಿನಾ ನೋಡುವವರಿಗೆ ತಿಳಿಯುವುದಿಲ್ಲ, ಹಳೇ ಅಂಗಿ ತೊಡಿಸಲು ಹೋದಾಗಲೇ ತೋಳು ಗಿಡ್ಡವಾದದ್ದು ಕಾಣುವುದು. ಮಳೆಯ ಮಾತು ಮಾತ್ರ ಬೇರೆ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಇಲ್ಲಿ ಒಂದು ಹನಿ ಬೀಳುತ್ತಿರಲಿಲ್ಲ. “ಮೇ ಮುಗೀದೆ ಮುಗಿಲಿಗೆ ಈ ಕಡೆ ದಾರಿ ಗೊತ್ತಿಲ್ಲ” ಎಂದು ಅಪ್ಪ ಹೇಳುವುದನ್ನು ನೀನೂ ಸಾವಿರ ಸಲ ಕೇಳಿದ್ದೀಯ. ಆ ದಾರಿ ಮುಗಿಲಿಗೆ ಮೊದಲು ಗೊತ್ತಾದದ್ದು ನಿನ್ನ ಆ ಮಾರ್ಚಿನಲ್ಲಿ. ಅದಾದ ಮೇಲೆ ಏಳು ವರ್ಷಕ್ಕೆ ಒಮ್ಮೆ ಬಂತು, ಆಮೇಲೆ ಮೂರು ವರ್ಷಕ್ಕೆ. ಈಗ ಪ್ರತಿವರ್ಷ ಬರುತ್ತದೆ, ಹೇಳದೆ ಕೇಳದೆ ನುಗ್ಗುವ ನೆಂಟನ ಹಾಗೆ. ಸುಗ್ಗಿಯಲ್ಲಿ ಅರ್ಧ ಗಂಟೆಯ ಮಳೆ ಸಾಕು, ತಿಂಗಳ ಉಪ್ಪು ಕರಗಿ ಬಂದ ಕಡಲಿಗೇ ವಾಪಸು ಹೋಗುತ್ತದೆ.

ಅಪ್ಪನಿಗೆ ಈಗ ಎಂಬತ್ನಾಲ್ಕು. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಆದರೂ ಬೆಳಗಾಗುತ್ತಲೇ ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಗಾಳಿಗೆ ಕೆನ್ನೆ ಕೊಟ್ಟು ಕೂರುತ್ತಿದ್ದರು. ಆಗರದವರು ಅವರಿಗೆ ಮುಗಿಲಜ್ಜ ಎಂದೇ ಹೆಸರಿಟ್ಟಿದ್ದಾರೆ. ಕೆಲಸಕ್ಕೆ ಇಳಿಯುವ ಮೊದಲು ಎಲ್ಲರೂ ಜಗುಲಿಯ ಮುಂದೆ ನಿಂತು, “ಮುಗಿಲಜ್ಜಾ, ಇವತ್ತು ಹೆಂಗೆ?” ಎಂದು ಕೇಳಿಯೇ ಹೋಗಬೇಕು. ಮೇಸ್ತ್ರಿ ಫೋನಿನಲ್ಲಿ ಹವಾಮಾನ ನೋಡುವವನು, ಅವನೂ ನಿಲ್ಲುತ್ತಾನೆ. “ಫೋನು ತಪ್ಪಿದ್ರೆ ಯಾರನ್ನ ಬೈಯೋದು? ಅಜ್ಜ ಆದ್ರೆ ಎದುರಿಗಿರ್ತಾರೆ” ಎಂದು ನಗುತ್ತಾನೆ. ಒಳ್ಳೆಯವನು.

ಈ ತಿಂಗಳ ಎಂಟನೇ ತಾರೀಕು ಅಪ್ಪ, “ಇನ್ನು ನಾಲ್ಕು ದಿನ ಏನೂ ಇಲ್ಲ, ಧೈರ್ಯವಾಗಿ ಎಳೀರಿ” ಅಂದರು. ಫೋನೂ ಹಾಗೇ ಅಂದಿತ್ತಂತೆ. ಎರಡು ವಾರದ ಉಪ್ಪನ್ನು ಎಳೆದು ಗುಪ್ಪೆ ಮಾಡಿದೆವು, ನೀರು ಬಸಿಯಲಿ ಎಂದು ಟಾರ್ಪಾಲು ಹೊದಿಸದೆ ಬಿಟ್ಟೆವು. ಅವತ್ತೇ ಮಧ್ಯಾಹ್ನ ಮೂರು ಗಂಟೆಗೆ ಮಳೆ ಬಂತು. ಗೋದಾಮಿನಿಂದ ಟಾರ್ಪಾಲು ಹೊತ್ತು ಓಡಿ ಬರುವಷ್ಟರಲ್ಲಿ ನಲವತ್ತು ಗುಪ್ಪೆಗಳು ಅರ್ಧವಾಗಿದ್ದವು, ಕಣ್ಣೆದುರಿಗೇ ಸೊರಗಿ ನೆಲಕ್ಕೆ ಕೂತವು. ನಾನು ಒಂದಕ್ಕೆ ನನ್ನ ಮೈಯನ್ನೇ ಅಡ್ಡ ಕೊಟ್ಟು ಬಿದ್ದುಕೊಂಡಿದ್ದೆ, ಬುದ್ಧಿಯಿಲ್ಲದವಳ ಹಾಗೆ. ಮಳೆ ನಿಂತ ಮೇಲೆ ನೋಡುತ್ತೇನೆ, ಅಪ್ಪ ಜಗುಲಿ ಇಳಿದು, ಕೋಲೂ ಇಲ್ಲದೆ, ತಡಕಾಡುತ್ತ ಬದುವಿನ ಮೇಲೆ ಬಂದು ನಿಂತಿದ್ದಾರೆ. ಬಗ್ಗಿ ಕೈಯಾಡಿಸಿ ಗುಪ್ಪೆ ಹುಡುಕಿದರು. ಬರೀ ಕೆಸರು ಸಿಕ್ಕಿತು. ಮೇಸ್ತ್ರಿಯೇ ಬಂದು ಅವರ ತೋಳು ಹಿಡಿದು, “ಬನ್ನಿ ಅಜ್ಜಾ, ಬಟ್ಟೆ ನೆಂದಿದೆ” ಅಂದ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅಪ್ಪನೇ ನನಗೆ ಹೇಳಿದರು.

ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಬೆಳಗ್ಗೆ ಕುರ್ಚಿ ಹಾಕಲು ಹೋದರೆ ಬೇಡವೆಂದು ಕೈಯಾಡಿಸಿದರು. ಒಳಗೆ ಮಂಚದ ಅಂಚಿಗೆ ಕೂತು, ಯಾರ ಹೆಸರೂ ಹೇಳದೆ, “ಅವನಿಗೂ ಹಿಂಗೇ ಆಗಿರ್ಬೇಕು” ಅಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವರ ಬಾಯಿಂದ ನಿನ್ನ ಸುದ್ದಿ ಬಂದದ್ದು ಅದೇ ಮೊದಲು.

ತಮ್ಮಾ, ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ತಾಳ್ಮೆಯಿಂದ ಓದು. ನಾವಿಬ್ಬರೂ ಅದರ ಬಗ್ಗೆ ಒಂದು ಸಲವೂ ಮಾತಾಡಿಲ್ಲ. ನಿನಗೆ ಆಗ ಹದಿನೇಳು, ನನಗೆ ಇಪ್ಪತ್ತು. ಅಪ್ಪ ತೂಬು ರಿಪೇರಿಗೆ ಆಗರದ ಆಚೆ ಕೊನೆಗೆ ಹೋಗಿದ್ದರು. ಕಾವಲಿನ ಗುಡಿಸಲಲ್ಲಿ ನಿನ್ನನ್ನು ಕೂರಿಸಿ, ಮೋಡ ಕಂಡರೆ ತಗಡು ಬಡಿ, ಎಲ್ಲರೂ ಓಡಿ ಬಂದು ಉಪ್ಪು ಮುಚ್ಚುತ್ತಾರೆ ಎಂದು ಹೇಳಿದ್ದರು. ಅದೂ ಸುಮ್ಮನೆ ಮಾತಿಗೆ ಹೇಳಿದ್ದು, ಮಾರ್ಚಿನಲ್ಲಿ ಯಾವ ಮೋಡ? ತಗಡು ಸದ್ದು ಮಾಡಲಿಲ್ಲ, ಮಳೆ ಬಂತು. ಅರವತ್ತು ಮನೆಯವರ ಆ ವರ್ಷದ ದುಡಿಮೆ ಸಂಜೆಯೊಳಗೆ ಕಾಲುವೆ ಪಾಲಾಯಿತು. ಅಷ್ಟು ಜನರ ಎದುರಿಗೆ ಅಪ್ಪ ನಿನ್ನ ಕೆನ್ನೆಗೆ ಹೊಡೆದರು. “ಆಕಾಶ ಹೇಳ್ದೆ ಮಳೆ ಹುಯ್ಯಲ್ಲ. ನೀನು ನಿದ್ದೆ ಹೊಡೀತಿದ್ದೆ.” ನೀನು ಅತ್ತದ್ದು ನಾನು ನೋಡಲಿಲ್ಲ. “ನಾನು ಮಲಗಿರ್ಲಿಲ್ಲ” ಎಂದಷ್ಟೇ ಹೇಳಿದೆ, ಮೂರು ಸಲ. ಯಾರೂ ನಂಬಲಿಲ್ಲ. ಬೆಳಗಿನ ಹೊತ್ತಿಗೆ ನಿನ್ನ ಹಾಸಿಗೆ ಸುತ್ತಿಟ್ಟಿತ್ತು. ಅಮ್ಮ ಆ ಹಾಸಿಗೆಯನ್ನು ಬಿಚ್ಚಲು ಯಾರಿಗೂ ಬಿಡಲಿಲ್ಲ. ಆ ನಂತರವೂ ಎಷ್ಟೋ ವರ್ಷ ಆಗರದಲ್ಲಿ ಯಾರಾದರೂ ತೂಕಡಿಸಿದರೆ ನಿನ್ನ ಅಡ್ಡಹೆಸರು ಹೇಳಿ ಎಬ್ಬಿಸುತ್ತಿದ್ದರು. ಅಪ್ಪ ಅದನ್ನು ಕೇಳಿಯೂ ಸುಮ್ಮನಿರುತ್ತಿದ್ದರು, ನಾನೂ ಸುಮ್ಮನಿರುತ್ತಿದ್ದೆ.

ಮೊನ್ನೆ ಅಪ್ಪ ನನ್ನನ್ನು ಕರೆದು ಕಾಗದ ಪೆನ್ನು ತರಿಸಿದರು. ಅವರ ಮಾತನ್ನು ಒಂದಕ್ಷರ ಬದಲಿಸದೆ ಇಲ್ಲಿ ಬರೆಯುತ್ತೇನೆ: “ಅವತ್ತು ಮಧ್ಯಾಹ್ನ ತೂಬಿನ ಹತ್ರದಿಂದ ನಾನೂ ಆಕಾಶ ನೋಡಿದ್ದೆ. ಏನೂ ಇರ್ಲಿಲ್ಲ. ನನಗೇ ಕಾಣದ್ದು ನಿನಗೆ ಹೆಂಗೆ ಕಾಣ್ಬೇಕಿತ್ತು? ಇದು ನನಗೆ ಆ ರಾತ್ರಿನೇ ಗೊತ್ತಿತ್ತು. ಆದ್ರೆ ಆಕಾಶ ತಪ್ಪಿತು ಅಂತ ಒಪ್ಕೊಂಡ್ರೆ ನನ್ನ ಹತ್ರ ಬೇರೆ ಏನಿತ್ತು? ಅದಕ್ಕೇ ಮಗ ತಪ್ಪಿದ ಅಂದೆ. ಕೈ ಎತ್ತಿದ್ದು ನನ್ನ ತಪ್ಪು.” ಇಷ್ಟು ಹೇಳಿ, ಬರೆದೆಯಾ, ಓದು ಅಂದರು. ಓದಿದೆ. ಕೊನೆಯದನ್ನು ಇನ್ನೊಂದು ಸಲ ಓದಿಸಿದರು. ಆಮೇಲೆ, “ಬರೋದು ಬಿಡೋದು ಅವನಿಗೆ ಬಿಟ್ಟದ್ದು. ಬರೋದಾದ್ರೆ ಸುಗ್ಗಿ ಮುಗೀಲಿ ಅಂತ ಕಾಯೋದು ಬೇಡ ಅನ್ನು” ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಈಗ ಜಗುಲಿಯ ಮುಂದೆ ಯಾರೂ ನಿಲ್ಲುವುದಿಲ್ಲ. ಮೋಡವಿರಲಿ ಬಿಡಲಿ, ಎಳೆದ ಉಪ್ಪನ್ನು ಎಳೆದಂತೆ ಮುಚ್ಚುತ್ತೇವೆ. ಕೆಲಸ ದುಪ್ಪಟ್ಟು, ಉಪ್ಪು ಅರ್ಧ. ಮೇಸ್ತ್ರಿ ಮಾತ್ರ ದಿನಾ ಒಳಗೆ ಬಂದು ಮಂಚದ ಪಕ್ಕ ನಿಂತು, “ಅಜ್ಜಾ, ಮುಚ್ಚಿದೀವಿ” ಎಂದು ಹೇಳಿ ಹೋಗುತ್ತಾನೆ. ಅಪ್ಪ ಹೂಂಗುಟ್ಟುತ್ತಾರೆ. ಅವರು ಬಹಳ ಇಳಿದುಹೋಗಿದ್ದಾರೆ, ಮುಚ್ಚಿಟ್ಟು ಬರೆಯಲಾರೆ. ನಿನ್ನನ್ನು ಬಾ ಎಂದು ಜುಲುಮೆ ಮಾಡುವ ಹಕ್ಕು ನನಗಿಲ್ಲ. ಬಂದರೆ ಕಾಲುವೆಯ ಕಡೆಯ ಕೋಣೆಯನ್ನು ನಿನಗೆ ಗುಡಿಸಿಡುತ್ತೇನೆ, ಅಲ್ಲಿ ಸ್ವಲ್ಪ ಗಾಳಿಯಾದರೂ ಆಡುತ್ತದೆ.

ನಿನ್ನವಳಿಗೆ ನನ್ನ ನೆನಪು ಹೇಳು, ಬಿಸಿನೀರು ಬಿಟ್ಟು ಬೇರೆ ಕುಡಿಯಬೇಡವೆನ್ನು. ಸೊಸೆಗೆ ಅತ್ತೆಯ ಮುತ್ತು. ಮೂಗಿನ ವಿಷಯ ಅವಳಿಗೆ ಹೇಳಬೇಡ. ನೀವು ಮೂವರೂ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದೆ. ಟಪಾಲಿನವನು ಬರುವ ಹೊತ್ತಾಯಿತು, ಅಕ್ಷರ ಸೊಟ್ಟಗಾದರೆ ಬೈಯಬೇಡ. ಅವತ್ತು ಆಕಾಶದಲ್ಲಿ ಏನೂ ಇರಲಿಲ್ಲ ಎಂದು ಅಪ್ಪ ಬರೆಸಿದರಲ್ಲ, ಅದು ಸರಿಯಲ್ಲ. ಇತ್ತು. ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದೆ. ಗೋದಾಮಿನ ಛಾವಣಿಯ ಆಚೆ, ಕಡಲಿನ ಅಂಚಿಗೆ, ಒಂದು ಬೆರಳು ದಪ್ಪದ ಕಪ್ಪು ಗೆರೆ ಎದ್ದಿತ್ತು. ಕೊಕ್ಕರೆಗಳು ನೀರು ಬಿಟ್ಟು ಊರಿನ ಕಡೆ ಹಾರುತ್ತಿದ್ದವು. ನಿನ್ನ ಗುಡಿಸಲಿಗೆ ಗೋದಾಮು ಅಡ್ಡ, ನಿನಗೆ ಅದು ಕಾಣುವಂತೆಯೇ ಇರಲಿಲ್ಲ. ಅಪ್ಪ ಇದ್ದ ತಗ್ಗಿಗೂ ಕಾಣಿಸಿರಲಾರದು. ನನಗೊಬ್ಬಳಿಗೆ ಕಂಡಿತು. ಮಳೆಗೆ ಇನ್ನೂ ಒಂದು ಗಂಟೆ ಇತ್ತು. ಮಾರ್ಚಿನಲ್ಲಿ ಮೋಡ ಎಂದು ಕೂಗಿದರೆ ನಗುತ್ತಾರೆ, ಅರವತ್ತು ಜನ ಕೆಲಸ ಬಿಟ್ಟು ಓಡಿ ಬಂದು ಮಳೆ ಬಾರದೆ ಹೋದರೆ ಅಪ್ಪ ಏನೆನ್ನುತ್ತಾರೆ ಎಂದು ಯೋಚಿಸುತ್ತ ನಿಂತೆ, ಕೂಗಲಿಲ್ಲ. ಅವರು ನಿನ್ನ ಮೇಲೆ ಕೈ ಎತ್ತಿದಾಗ ನಾನು ಮೂರು ಮಾರು ದೂರದಲ್ಲಿದ್ದೆ, ಆಗಲೂ ಬಾಯಿ ಬಿಡಲಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೆ ಹೇಳಬೇಕು. ನೀನು ಬರುವುದಾದರೆ ಇದನ್ನು ಓದಿದ ಮೇಲೆ ಬಾ. ಬಟ್ಟೆ ಹಾಕಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ, ಎಲ್ಲವನ್ನೂ ಎಳೆದುಕೊಂಡು ಕೆಳಗೆ ಬಂದೆ. ಅಮ್ಮ ಕೇಳಿದಳು, “ಇಷ್ಟು ಬೇಗ ಒಣಗಿತಾ?” ಹೂಂ ಅಂದೆ. ಆ ದಿನ ನಮ್ಮ ಮನೆಯ ಬಟ್ಟೆ ಒಂದೂ ನೆನೆಯಲಿಲ್ಲ.