ಹಣಮಮ್ಮನ ಫಿಲ್ಟರು

ದೇವಾಪುರ
ಬುಧವಾರ, ೧೨ ಫೆಬ್ರವರಿ ೨೦೨೫

ಮಗಳೇ ನಂದಿನಿ,

ಆಶೀರ್ವಾದ ಬರೆಯಲು ಇವತ್ತು ಕೈ ಏಳಲಿಲ್ಲ. ಫೋನು ಹಚ್ಚಿದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು ಕೇಳುತ್ತಾರೆ. ನಿನ್ನ ಡಯಾಲಿಸಿಸ್ ಸೆಂಟರಿನಲ್ಲಿ ಮಾತಾಡಿದರೆ ಎಂಟು ಮಂಚಕ್ಕೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಾಳೆ ಡಯಾಲಿಸಿಸ್‌ಗೆ ಶಹಾಪುರಕ್ಕೆ ಬಂದಾಗ ನಿನ್ನ ಕೈಗೇ ಕೊಡುತ್ತೇನೆ. ಡ್ಯೂಟಿ ಮುಗಿಸಿ ರೂಮಿಗೆ ಹೋಗಿ ಓದು.

ರಕ್ತ ಸೋಸುವ ಫಿಲ್ಟರು ಒಬ್ಬರದು ಇನ್ನೊಬ್ಬರಿಗೆ ಹಾಕಬಾರದು, ತೊಳೆದಿಟ್ಟು ಮತ್ತೆ ಅವರಿಗೇ ಹಾಕಬೇಕು, ಸೂಜಿ ಚುಚ್ಚುವ ಮೊದಲು ಪೇಷಂಟೇ ಅದರ ಮೇಲಿನ ತನ್ನ ಹೆಸರು ಓದಿ ನೋಡಬೇಕು. ಮಷಿನ್ ನಡೆಸುವ ಈ ಕೆಲಸಕ್ಕೆ ನೀನು ಸೇರಿದ ಮೊದಲ ವಾರ ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನೀನೇ. ಪಕ್ಕದ ಮಂಚದ ಹಣಮಮ್ಮನಿಗೆ ಅಕ್ಷರ ಬಾರದು. ವಡಗೇರಾ ಕಡೆ ಕುರಿ ಕಾಯ್ದ ಹೆಂಗಸು, ಮುನ್ನೂರು ಕುರಿಯ ಮುಖ ಗುರುತು ಹಿಡಿಯುತ್ತಾಳೆ, ತನ್ನ ಹೆಸರು ಹಿಡಿಯಲಾರಳು. ಪ್ರತಿ ಪಾಳಿಗೂ ‘ಟೀಚರವ್ವ, ನಂದ ಐತೇನ ನೋಡ್ರಿ’ ಅನ್ನುತ್ತಾಳೆ. ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಕಲಿಸಿದವಳು ನಾನು. ಓದಿ ನೋಡಿ ‘ನಿಂದ ಐತಿ, ಮಲಕೋ’ ಅನ್ನುತ್ತೇನೆ.

ಡಿಸೆಂಬರಿನಲ್ಲಿ ಡಾಕ್ಟರು ಹೊಸ ನಮೂನೆಯ ಫಿಲ್ಟರು ತರಿಸಿದರು. ಮಾಮೂಲಿ ಫಿಲ್ಟರಿನ ಪೊರೆಗೆ ರಕ್ತ ತಾಗಿದಾಗ ಮೈಯೊಳಗೆ ಕಬ್ಬಿಣಕ್ಕೆ ಜಂಗು ಹಿಡಿದಂತೆ ಆಗುತ್ತದೆ, ಇದರ ಪೊರೆಗೆ ವಿಟಮಿನ್ ಇ ಸವರಿದ್ದಾರೆ, ಜಂಗು ಕಡಿಮೆಯಾಗಬಹುದು, ನೋಡೋಣ ಎಂದಿದ್ದರು. ಬಂದದ್ದು ಒಬ್ಬರಿಗೆ ಸಾಲುವಷ್ಟು. ಎಲ್ಲರಿಗಿಂತ ಸೊರಗಿದವಳೆಂದು ಹಣಮಮ್ಮನ ಹೆಸರು ಬರೆದರು. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಯೂ ಉರಿಯಿತು, ಯಾಕೆ ಮುಚ್ಚಿಡಲಿ.

ಮೊನ್ನೆ ಸೋಮವಾರ ಡಾಕ್ಟರು ಹೊಸ ಫಿಲ್ಟರು ಹೇಗಿದೆ ಎಂದು ಆಕೆಯನ್ನು ಕೇಳಿದರು. ‘ಏನೂ ಫರಕ್ ಇಲ್ರಿ ಸಾಹೇಬ್ರ, ಮನಿಗಿ ಹೋಗಿ ಎರಡ ದಿನ ಏಳಾಕ ಆಗಂಗಿಲ್ಲ’ ಅಂದಳು. ಅವರು ಆಕೆಯ ಹೆಸರಿಗೆ ಗೀಟು ಹಾಕಿ, ಈಕೆಗೆ ಇದು ಪ್ರಯೋಜನವಿಲ್ಲ, ಮುಂದೆ ತರಿಸುವುದು ಬೇಡ ಎಂದರು. ಡಾಕ್ಟರು ಹಾಳೆ ನೋಡುತ್ತಾರೆ, ಮಷಿನ್ ನೋಡುವುದಿಲ್ಲ. ನೀನು ಅಲ್ಲೇ ನಿಂತಿದ್ದೆ, ನಿನ್ನ ಕಣ್ಣು ನೆಲ ಬಿಟ್ಟು ಏಳಲಿಲ್ಲ. ನಾನು ತಿರುಗಿ ನನ್ನ ಫಿಲ್ಟರು ನೋಡಿದೆ. ಎಂಟರಲ್ಲಿ ಅದೊಂದೇ ಬೇರೆ; ಆಕೆಗೆಂದು ತರಿಸಿದ್ದು ಅದೇ. ಮೊದಲ ಸಲ ಹಾಕುವಾಗ ‘ಕಂಪನಿ ಬ್ಯಾರೆ ಐತೆವ್ವ, ಅಷ್ಟ’ ಅಂದಿದ್ದೆ ನೀನು. ಸೋಮವಾರದತನಕ ನನಗೆ ಅನುಮಾನವೇ ಬಂದಿರಲಿಲ್ಲ.

ಅವ್ವನ ಮೇಲಿನ ಜೀವಕ್ಕೆ ಮಾಡಿದೆ ಅನ್ನುತ್ತೀ. ಇರಬಹುದು. ಆದರೆ ನೀನು ಮೋಸ ಮಾಡಿದ್ದು ಆಕೆಯೊಬ್ಬಳಿಗೇ ಅಲ್ಲ. ಮಾಮೂಲಿ ಫಿಲ್ಟರಿಗೆ ಆಕೆಯ ಹೆಸರು ಬರೆದು, ನನ್ನ ಬಾಯಿಂದಲೇ ಆಕೆಗೆ ‘ನಿಂದ ಐತಿ’ ಎಂದು ಹೇಳಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಮುಂದೆ ಹೇಳಿಕೊಳ್ಳಬೇಕು? ಸಂಕ್ರಾಂತಿಗೆ ಆಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದು ಮೊದಲ ರೊಟ್ಟಿ ನಿನಗೇ ಕೊಟ್ಟಳು. ನೀನು ಆಕೆಯ ಎದುರೇ ನಿಂತು ತಿಂದೆ.

ಬರುವ ಸೋಮವಾರ ಡಾಕ್ಟರು ಬಂದ ಕೂಡಲೇ ನೀನೇ ಹೋಗಿ ಹೇಳು. ಕೆಲಸ ಹೋಗಬಹುದು, ಹೋಗಲಿ. ನೀನು ಹೇಳದಿದ್ದರೆ ನಾನು ಮಂಚದ ಮೇಲಿಂದಲೇ ಹೇಳುತ್ತೇನೆ, ಎಲ್ಲರೂ ಕೇಳಲಿ. ನಾಳೆ ನನಗೆ ಮಾಮೂಲಿ ಫಿಲ್ಟರೇ ಹಾಕು.

ಸಿಟ್ಟು ಇಳಿಯದಿದ್ದರೂ ನಿನ್ನವಳೇ ಆದ
ಅವ್ವ
ಶಾಂತಾದೇವಿ

ತಾ.ಕ.: ಸೋಮವಾರದತನಕ ಅನುಮಾನವೇ ಇರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸಂಕ್ರಾಂತಿ ಕಳೆದ ವಾರವೇ ನನ್ನ ಫಿಲ್ಟರಿಗೆ ಅಂಟಿಸಿದ ಚೀಟಿಯ ಅಂಚು ಎದ್ದಿತ್ತು. ಉಗುರಿನಿಂದ ಬಿಡಿಸಿ ನೋಡಿದೆ. ಕೆಳಗಿನ ಚೀಟಿಯಲ್ಲಿ ಹಣಮಮ್ಮನ ಹೆಸರಿತ್ತು. ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂಡಿಸಿದೆ. ಆಗಷ್ಟೇ ನಾನು ಯಾರ ಕೈಯೂ ಹಿಡಿಯದೆ ಬಸ್ಸು ಹತ್ತಲು ಶುರುಮಾಡಿದ್ದೆ. ಡಾಕ್ಟರು ಆಕೆಯ ಹೆಸರಿಗೆ ಗೀಟು ಹಾಕದೇ ಹೋಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ.