ಬೆಟ್ಟದ ಈಚೆಯಿಂದಲೇ ತಿರುಗಿದ್ದು

ವಿಮಾನ ಕ್ಲಬ್ಬಿನ ಕ್ಯಾಂಟೀನು
ಭಾನುವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಇಷ್ಟು ಹೊತ್ತಿಗೆ ನಾನು ನಿನ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತಿರಬೇಕಿತ್ತು. ಬರಲಾಗಲಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಯಾಕೆ ಎನ್ನುವುದು ಫೋನಿನಲ್ಲಿ ಮುಗಿಯುವ ಮಾತಲ್ಲ.

ಲೈಸೆನ್ಸ್ ಕೈಗೆ ಬಂದ ದಿನ ನೀನು ಅದನ್ನು ತಿರುಗಿಸಿ ನೋಡಿ, "ಕಾರ್ಡೇನೋ ಚೆನ್ನಾಗಿದೆ. ನಿಂಗೆ ಹಾರ್ಸೋಕೆ ಬರುತ್ತಾ?" ಎಂದು ಕೇಳಿದ್ದೆ. ನಾನು ಮುಖ ಊದಿಸಿಕೊಂಡಿದ್ದೆ. ಇವತ್ತು ಉತ್ತರ ಕೊಡುತ್ತೇನೆ.

ಬೆಳಿಗ್ಗೆ ಕ್ಲಬ್ಬಿನ ಪುಟ್ಟ ವಿಮಾನದಲ್ಲಿ ನಿನ್ನ ಊರಿಗೆ ಹೊರಟಾಗ ಪಕ್ಕದ ಸೀಟಿನಲ್ಲಿ ಅಪ್ಪ ಇದ್ದರು. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ನೀವಿಬ್ಬರೂ ಬೇರೆಯಾದ ಮೇಲೆ ಅವರು ನಿನ್ನನ್ನು ನೋಡಬೇಕು ಎಂದದ್ದು ಇದೇ ಮೊದಲು. ಮನಸ್ಸು ಬದಲಾಯಿಸಿಬಿಟ್ಟಾರು ಎಂದು ಆತುರದಲ್ಲೇ ಹತ್ತಿಸಿಕೊಂಡಿದ್ದೆ.

ಬೆಟ್ಟಸಾಲು ಹತ್ತಿರವಾದಂತೆ ಮೋಡ ಕೆಳಗಿಳಿಯತೊಡಗಿತು. ಹೊರಡುವ ಮುಂಚೆ ನೋಡಿದ ಹವಾಮಾನ ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. ಎರಡು ಗುಡ್ಡಗಳ ನಡುವೆ ಒಂದು ಕಿಂಡಿ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ದಾರಿ ಕಣ್ಣಿಗೆ ಕಾಣುತ್ತಿರುವವರೆಗೆ ಹಾರಲು ನನ್ನ ಲೈಸೆನ್ಸಿನಲ್ಲಿ ಅನುಮತಿ ಇದೆ. ಹೋಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ.

"ದಾರಿ ಕಾಣ್ತಿದೆಯಲ್ಲ, ನುಗ್ಸು," ಎಂದರು ಅಪ್ಪ. ಜೀವಮಾನವಿಡೀ ದೂರದ ಊರುಗಳಿಗೆ ಬಸ್ಸು ಓಡಿಸಿದವರು.

ಆದರೆ ಒಳಗೆ ಹೋದ ಮೇಲೆ ಕಿಂಡಿ ಮುಚ್ಚಿಕೊಂಡರೆ ತಿರುಗಲು ಜಾಗವಿಲ್ಲ. ಲೈಸೆನ್ಸ್ ಕೊಡುವ ಮುಂಚೆ ಪರೀಕ್ಷಕರು ನನ್ನಿಂದ ಏನೆಲ್ಲ ಮಾಡಿಸಿದ್ದರು: ಎಂಜಿನ್ ನಿಂತರೆ ಇಳಿಸುವುದು, ಅಡ್ಡಗಾಳಿಯಲ್ಲಿ ಇಳಿಸುವುದು. ಸ್ವಂತ ಅಪ್ಪನಿಗೆ "ಆಗುವುದಿಲ್ಲ" ಎನ್ನಲು ಬರುತ್ತದೆಯೇ ಎಂದು ಮಾತ್ರ ಪರೀಕ್ಷಿಸಿರಲಿಲ್ಲ.

"ಆಗಲ್ಲ ಅಪ್ಪ, ವಾಪಸ್ ಹೋಗೋಣ," ಎಂದು ವಿಮಾನ ತಿರುಗಿಸಿದೆ.

"ಇಷ್ಟಕ್ಕೆಲ್ಲ ಹೆದ್ರೋಳಿಗೆ ಲೈಸೆನ್ಸ್ ಕೊಟ್ಟೋರು ಯಾರು?" ಎಂದು ಗೊಣಗುತ್ತಲೇ ಕ್ಲಬ್ಬಿನಲ್ಲಿ ಇಳಿದರು.

ಮಧ್ಯಾಹ್ನ ಇನ್ನೊಬ್ಬ ಪೈಲಟ್ ಅದೇ ಕಿಂಡಿಯಲ್ಲಿ ಕ್ಷೇಮವಾಗಿ ದಾಟಿದ ಸುದ್ದಿ ಬಂತು. ಅಪ್ಪ ನನ್ನ ಮುಖ ನೋಡಿದರು. ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ ಅಮ್ಮ. ನಾಳೆ ಅಂಥದೇ ಮೋಡ ಕಂಡರೆ ನಾಳೆಯೂ ತಿರುಗಿಸುತ್ತೇನೆ. ನನಗೆ ಹಾರಿಸಲು ಬರುತ್ತದೆ. ಎಲ್ಲಿ ಹಾರಿಸಬಾರದು ಎನ್ನುವುದೂ ಗೊತ್ತು. ಎರಡನೆಯದು ಕಾರ್ಡಿನ ಮೇಲೆ ಅಚ್ಚಾಗಿಲ್ಲ, ಅಷ್ಟೇ.

ಆಮೇಲೆ ಅಪ್ಪ ಚಹಾದ ಲೋಟ ನನ್ನ ಕಡೆ ಸರಿಸಿ, "ನಾನಾಗಿದ್ರೆ ನುಗ್ತಿದ್ದೆ," ಎಂದರು. ತಮ್ಮ ಲೋಟ ಎತ್ತಿಕೊಳ್ಳುತ್ತಾ, "ಅದಕ್ಕೇ ನಿಮ್ಮಮ್ಮನಿಗೆ ನನ್ ಜೊತೆ ಸಾಕಾಗಿದ್ದು," ಎಂದರು. ನಾನು ಚಹಾ ಕುಡಿದೆ.

ಬಾನು ತಿಳಿಯಾದ ದಿನ ಖಂಡಿತ ಬರುತ್ತೇನೆ.

ನಿನ್ನ ಗುಬ್ಬಿ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಅಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಸಂಜೆಯ ಬಸ್ಸಿಗೆ ಟಿಕೆಟ್ ತೆಗೆದದ್ದು ಅಪ್ಪನೇ, ನಾನು ಹೇಳಿದ್ದಲ್ಲ. ನೀನು ಇದನ್ನು ಓದುವಾಗ ಅವರು ಇನ್ನೂ ಬಾಗಿಲ ಹೊರಗೇ ನಿಂತಿದ್ದರೆ, ಒಳಗೆ ಕರೆ, ಅಮ್ಮ.