ದೊಡ್ಡಮೂಗಿನ ನೀರು

ಜೂನ್ 3, ಸೋಮವಾರ

ಬರೆಯಬೇಕಂತೆ. ಪಾರ್ಶ್ವವಾಯು ಬಡಿದ ಬಲಗೈಗೆ ಇದೇ ವ್ಯಾಯಾಮ ಅಂತ ಡಾಕ್ಟರ್ ಹುಡುಗಿ ಅಪ್ಪಣೆ ಕೊಡಿಸಿದ್ದಾಳೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈ ವಯಸ್ಸಿನಲ್ಲಿ ಕಾಪಿ ಬರೆಯುವ ಶಿಕ್ಷೆ! ಏನು ಬರೆಯಲಿ? ಎದ್ದೆ. ಕಾಫಿ. ಕೆಳಗಿಳಿದು ದೊಡ್ಡಮೂಗಿನ ಹತ್ತಿರ ಹೋದೆ.

ದೊಡ್ಡಮೂಗು ಅಂದರೆ ಬೀದಿಯ ಕುಡಿಯುವ ನೀರಿನ ನಲ್ಲಿ: ಸೊಂಟದೆತ್ತರದ ಕಬ್ಬಿಣದ ಕಂಬ, ಮೂಗಿನ ಹಾಗೆ ಬಾಗಿದ ಕೊಳವೆ, ಹಗಲೂ ರಾತ್ರಿ ಸುರಿಯುವ ನೀರು. ರೋಮಿನಲ್ಲಿ ಎಲ್ಲಿ ತಿರುಗಿದರೂ ಇಂಥದೊಂದು ನಿಂತಿರುತ್ತದೆ. ನಮ್ಮ ಬೀದಿಯದರಷ್ಟು ತಣ್ಣಗಿನ ನೀರು ಯಾವುದರಲ್ಲೂ ಇಲ್ಲ. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ತೂತಿನಿಂದ ಚಿಮ್ಮುತ್ತದೆ, ಹಾಗೇ ಕುಡಿಯಬೇಕು. ನನ್ನ ಬೆರಳಿಗೆ ಈಗ ಆ ಶಕ್ತಿ ಇಲ್ಲ. ಎತ್ತೋರೆ ಅಂತ ಒಬ್ಬ ಮುದುಕ ಒತ್ತುತ್ತಾನೆ, ನಾನು ಕುಡಿಯುತ್ತೇನೆ. ಟ್ರಾಮ್ ಓಡಿಸಿ ನಿವೃತ್ತನಾದವನು, ಹೆಂಡತಿ ಸತ್ತಿದ್ದಾಳೆ. ಬಾಟಲಿ ತುಂಬಿಕೊಳ್ಳಲು ಬರುತ್ತಾನೆ, ಜಗಳವಾಡಿ ಹೋಗುತ್ತಾನೆ.

"ಬೇಗ ಕುಡಿಯೇ ಇನೇಸ್, ಬೆರಳು ಮರಗಟ್ಟಿತು."

"ನೀನು ಟ್ರಾಮ್ ಯಾವತ್ತಾದ್ರೂ ಬೇಗ ಓಡಿಸಿದ್ದೀಯಾ, ನನಗೆ ಹೇಳೋಕೆ?"

ಸಾಕು. ಕೈ ನೋಯುತ್ತಿದೆ.

ಜೂನ್ 7

ದೊಡ್ಡಮೂಗಿನ ನೀರು ನಿಲ್ಲಿಸಿದರು! ಮಳೆಯಿಲ್ಲ, ನೀರು ಉಳಿಸಬೇಕಂತೆ. ಚೀಟಿ ಅಂಟಿಸಿದವನಿಗೆ ಬಾಯಿಗೆ ಬಂದಂತೆ ಬೈದೆ. ಬೇಕರಿಯವನ ನಾಯಿ ಒಣ ಕಬ್ಬಿಣ ನೆಕ್ಕುತ್ತಿತ್ತು.

ಜೂನ್ 20

ಎತ್ತೋರೆ ಬಂದೇ ಇಲ್ಲ. ಬಿದ್ದನೋ, ಸತ್ತನೋ... ಮನೆ ಎಲ್ಲಿ ಅಂತ ಕೇಳಿದ್ದೇ ಇಲ್ಲ. ಕೇಳುವ ಅಗತ್ಯವೇನಿತ್ತು — ಬೆಳಗಾದರೆ ನೀರಿನ ಹತ್ತಿರ ಸಿಗುತ್ತಿದ್ದ.

ಮನೆಯ ನಲ್ಲಿಯಲ್ಲೂ ಅದೇ ನೀರು. ಗಂಟಲಿಗಿಳಿಯುವುದಿಲ್ಲ.

ಜೂನ್ 22, ಮಧ್ಯಾಹ್ನ

ಮಾರ್ಕೆಟ್ಟಿನ ಆಚೆಯ ದೊಡ್ಡಮೂಗು ಇನ್ನೂ ಹರಿಯುತ್ತಿದೆ ಅಂತ ಮೀನಿನವಳು ಹೇಳಿದಳು. ಕೋಲೂರಿಕೊಂಡು ಹೋದೆ. ನಿಂತಿದ್ದಾನೆ, ಬಾಟಲಿ ಹಿಡಿದುಕೊಂಡು!

"ಬದುಕಿದ್ದೀಯೇನಯ್ಯಾ? ನಿನ್ನ ಗೋರಿಗೆ ಹೂವು ತರೋಣ ಅಂತಿದ್ದೆ."

ಕಿವಿಯವರೆಗೂ ಕೆಂಪಗಾದ. "ನಿಮ್ಮ ಬೀದೀಲಿ ನೀರು ನಿಂತೋಯ್ತಲ್ಲ ಮಾರಾಯ್ತಿ. ಖಾಲಿ ಬಾಟ್ಲಿ ಹಿಡ್ಕೊಂಡು ನಿನ್ನ ಬಾಗಿಲಿಗೆ ಏನಂತ ಬರಲಿ?"

"ಕಾಲಿದೆಯಲ್ಲ, ನಡ್ಕೊಂಡು ಬಾ, ಪೆದ್ದ!"

ಬೆರಳು ಒತ್ತಲು ಮುಂದೆ ಬಂದ. ಬೇಡ ಅಂದೆ. ನಾನೇ ಒತ್ತಿದೆ. ಬರೆದು ಬರೆದು ಪಳಗಿದ ಕೈ — ಒತ್ತಿತು! ನೀರು ಅಡ್ಡಾದಿಡ್ಡಿ ಚಿಮ್ಮಿ ಅವನ ಕನ್ನಡಕ, ಅಂಗಿ ಎಲ್ಲ ತೊಪ್ಪೆ.

"ಬೇಕೂಂತಲೇ ಮಾಡಿದೆ ನೀನು!"

"ಇಲ್ಲಪ್ಪಾ. ಬೇಕೂಂತ ಮಾಡೋದು ಈಗ ನೋಡು."

ಮತ್ತೆ ಒತ್ತಿದೆ.

ಜೂನ್ 23, ಭಾನುವಾರ

ಕೊಳವೆ ಒತ್ತಿದ ಕೈ ಹಿಟ್ಟೂ ನಾದೀತು. ಗುರುವಾರ ನ್ಯೋಕ್ಕಿ, ಆಲೂಗಡ್ಡೆ ಹಿಟ್ಟಿನ ಪುಟ್ಟ ಕಡುಬು, ಮಾಡುತ್ತೇನೆ. ರೋಮಿನಲ್ಲಿ ಗುರುವಾರ ಬೇರೇನು ತಿನ್ನುತ್ತಾರೆ? ಒಬ್ಬಳಿಗೋಸ್ಕರ ಹಿಟ್ಟು ಕಲಸಲು ಮನಸ್ಸಿಲ್ಲ. ನಾಳೆ ಅವನೆದುರು ತೊದಲಬಾರದು, ಹೇಳಬೇಕಾದದ್ದನ್ನು ಇಲ್ಲೇ ಬರೆದು ಬಾಯಿಪಾಠ ಮಾಡುತ್ತೇನೆ —

ಎತ್ತೋರೆ, ಬಾಟಲಿ ತರಬೇಡ. ಗುರುವಾರ ನನ್ನ ಮನೆಗೆ ಊಟಕ್ಕೆ ಬರೀ ನೀನು ಬಾ. ಬರುತ್ತೀಯೋ ಇಲ್ಲವೋ, ಬುಧವಾರ ಮಧ್ಯಾಹ್ನದೊಳಗೆ ಹೇಳು.